ಸಣ್ಣ ಕಳ್ಳತನದಲ್ಲಿ ಸಿಕ್ಕ ಹುಡುಗರನ್ನು ಠಾಣೆಯ ಹಂತದಲ್ಲೇ ಸರಿದಾರಿಗೆ ತರುವುದು ಹೇಗೆ?

ತಾಲ್ಲೂಕು_ಪಿಎಸ್‌ಐ:
ತಾಲ್ಲೂಕು ಕೇಂದ್ರದ ಠಾಣೆ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ಹೊಣೆಯೂ ನನ್ನದೇ. 15ರಿಂದ 17 ವಯಸ್ಸಿನ ಹುಡುಗರು ಮೊಬೈಲ್ ಕಳವು, ಗಾಂಜಾ, ವ್ಹೀಲಿಂಗ್ ಅಂತ ಪದೇ ಪದೇ ಸಿಗುತ್ತಿದ್ದಾರೆ. ಹೆಚ್ಚಿನವರು ಶಾಲೆ ಬಿಟ್ಟವರು. ಇವರಿಗಾಗಿ ಒಂದು ಕಾರ್ಯಕ್ರಮ ಶುರು ಮಾಡಬೇಕೆಂದಿದೆ. ವಾರಕ್ಕೊಂದು ಉಪನ್ಯಾಸ ಇಡಿ, ಒಮ್ಮೆ ಜೈಲು ತೋರಿಸಿ ಕರೆತನ್ನಿ ಎಂಬ ಸಲಹೆ ಬಂದಿದೆ. ಆದರೆ ಎಫ್‌ಐಆರ್ ಮಾಡದಿದ್ದರೆ ದೂರುದಾರರು ಸುಮ್ಮನಿರುವುದಿಲ್ಲ. ಕಾನೂನು ಎಷ್ಟರ ಮಟ್ಟಿಗೆ ಅವಕಾಶ ಕೊಡುತ್ತದೆ? ಎಲ್ಲಿಂದ ಶುರು ಮಾಡಲಿ?

ಬಾಲನ್ಯಾಯ_ವಕೀಲೆ:
ಸರ್, ಇಂಥ ಪ್ರಕರಣಗಳಲ್ಲಿ ಎಫ್‌ಐಆರ್ ಮಾಡಬಾರದು ಎಂದೇ ಬಾಲನ್ಯಾಯ ಕಾಯ್ದೆಯಡಿಯ 2016ರ ಕೇಂದ್ರ ಮಾದರಿ ನಿಯಮಗಳ 8ನೇ ನಿಯಮ ಹೇಳುತ್ತದೆ. ಅಪರಾಧ ಘೋರವಾಗಿದ್ದರೆ ಅಥವಾ ವಯಸ್ಕರ ಜೊತೆ ಸೇರಿ ಮಾಡಿದ್ದರೆ ಮಾತ್ರ ಎಫ್‌ಐಆರ್. ಉಳಿದದ್ದಕ್ಕೆಲ್ಲ ಠಾಣಾ ದಿನಚರಿಯಲ್ಲಿ ನಮೂದು ಮಾಡಿ, ನಮೂನೆ 1ರಲ್ಲಿ ಸಾಮಾಜಿಕ ಹಿನ್ನೆಲೆ ವರದಿ ತುಂಬಿ, ಮೊದಲ ವಿಚಾರಣೆಗೆ ಮುಂಚೆ 18 ತುಂಬದವರ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ದೂರುದಾರರಿಗೆ ದಿನಚರಿಯ ನಮೂದನ್ನು ತೋರಿಸಿ, ಪ್ರಕರಣ ಮಂಡಳಿಯ ಮುಂದೆ ಹೋಗುತ್ತದೆ ಎಂದು ಬಿಡಿಸಿ ಹೇಳಿ. ‘ರಾಜಿ ಮಾಡಿಕೊಳ್ಳಿ’ ಎಂದು ಕಳಿಸಿದಾಗಲೇ ಅವರು ಎಸ್‌ಪಿ ಕಚೇರಿಯ ಮೆಟ್ಟಿಲು ಹತ್ತುವುದು.

ಸಣ್ಣ, ಗಂಭೀರ, ಘೋರ ಎಂಬ ಮೂರರಲ್ಲಿ ಯಾವುದು ಯಾವ ವರ್ಗ ಎಂಬಲ್ಲಿ ಬಹಳ ಜನ ಎಡವುತ್ತಾರೆ. ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 303ರ ಸಾಮಾನ್ಯ ಕಳವಿಗೆ ಮೊದಲ ಸಲ ಗರಿಷ್ಠ 3 ವರ್ಷ, ಹಾಗಾಗಿ ಅದು ಸಣ್ಣ ಅಪರಾಧ. ಮನೆಯೊಳಗಿನ ಕಳವಿಗೆ 7 ವರ್ಷದವರೆಗೆ, ಅದು ಗಂಭೀರ. ಸುಲಿಗೆಯ ಕಲಂ ನೋಡಿ ‘ಘೋರ’ ಎಂದು ಬರೆದುಬಿಡುವವರಿದ್ದಾರೆ. ಕನಿಷ್ಠ 7 ವರ್ಷ ಶಿಕ್ಷೆ ಎಂದು ಕಾನೂನೇ ಹೇಳಿದ್ದರೆ ಮಾತ್ರ ಅದು ಘೋರ; ಗರಿಷ್ಠ 7 ವರ್ಷ ಮೀರಿದ್ದರೂ ಕನಿಷ್ಠ ನಿಗದಿಯಾಗಿರದಿದ್ದರೆ ಗಂಭೀರವೇ. 2021ರ ತಿದ್ದುಪಡಿ ಇದನ್ನು ಸ್ಪಷ್ಟ ಮಾಡಿದೆ.

ವಯಸ್ಸಿಗೆ ಆಧಾರ್ ಸಾಲದು. ಬಾಲನ್ಯಾಯ ಕಾಯ್ದೆಯ 94ನೇ ಕಲಂ ಪ್ರಕಾರ ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲವೆಂದಾಗ ಮಾತ್ರ ವೈದ್ಯಕೀಯ ಪರೀಕ್ಷೆ.

ಇನ್ನೊಂದು ಮಾತು. ಕದ್ದ ಮೊಬೈಲ್ ಕೊಳ್ಳುವ ಅಂಗಡಿಯವನನ್ನು ಹಿಡಿಯದೆ ಹುಡುಗನನ್ನು ತಿದ್ದುತ್ತೇವೆ ಎಂದರೆ ಆಗುವ ಕೆಲಸವಲ್ಲ. ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ವಯಸ್ಕರಿಗೆ ಬಾಲನ್ಯಾಯ ಕಾಯ್ದೆಯ 83(2)ರಲ್ಲಿ 7 ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ರೂ. ದಂಡ ಇದೆ. ಗಾಂಜಾ ಕೊಟ್ಟವನಿಗೆ 77ನೇ ಕಲಂ ಇದೆ. ಎರಡೂ ಕಲಂಗಳನ್ನು ಠಾಣೆಗಳು ಬಳಸುವುದು ತೀರಾ ಕಡಿಮೆ.

ಪರಿವೀಕ್ಷಣೆ_ಮಂಜು:
ಉಪನ್ಯಾಸಕ್ಕಿಂತ ಮೊದಲು ನಮೂನೆ 1 ಸರಿಯಾಗಿ ತುಂಬಿಸಿ ಸರ್. ಶಾಲೆ ಬಿಟ್ಟ ಕಾರಣ ಕೇಳುವ ಅಂಕಣದಲ್ಲಿ ‘ಆಸಕ್ತಿ ಇಲ್ಲ’, ಅಪರಾಧದ ಕಾರಣಕ್ಕೆ ‘ಸಹವಾಸ ದೋಷ’, ಉಳಿದ ಕಡೆಗೆಲ್ಲ ಗೆರೆ. ಇಂಥ ವರದಿ ಹಿಡಿದು ಮಂಡಳಿ ಏನು ಆದೇಶ ಮಾಡೀತು? ಯಾವ ತರಗತಿಯಲ್ಲಿ ಬಿಟ್ಟ, ಆ ವರ್ಷ ಮನೆಯಲ್ಲಿ ಏನಾಯಿತು, ಟಿಸಿ ಯಾರ ಬಳಿ ಇದೆ, ರಾತ್ರಿ ಎಲ್ಲಿ ಮಲಗುತ್ತಾನೆ, ದುಡಿದ ದುಡ್ಡು ಯಾರ ಕೈಗೆ ಹೋಗುತ್ತದೆ, ಇಷ್ಟನ್ನು ಬರೆದರೆ ಮುಂದಿನ ದಾರಿ ಅರ್ಧ ಸ್ಪಷ್ಟವಾಗುತ್ತದೆ. ಪೋಷಕರನ್ನು ಕೂರಿಸಿಕೊಂಡು, ಮಫ್ತಿಯಲ್ಲಿ, ಲಾಕಪ್ ಕಾಣದ ಕೋಣೆಯಲ್ಲಿ ಕೇಳಿ. ಹುಡುಗನಿಂದ ಯಾವ ಹೇಳಿಕೆಗೂ ಸಹಿ ಹಾಕಿಸಬಾರದು.

ಶಾಲೆ ಬಿಟ್ಟವರಿಗೆ ಎಸ್‌ಎಸ್‌ಎಲ್‌ಸಿ ಒಂದೇ ಬಾಗಿಲಲ್ಲ. ವೆಲ್ಡರ್, ವೈರ್‌ಮನ್ ಮುಂತಾದ ಐಟಿಐ ಟ್ರೇಡ್‌ಗಳಿಗೆ 8ನೇ ತರಗತಿ ಪಾಸಾಗಿದ್ದರೆ ಸಾಕು. ರಾಷ್ಟ್ರೀಯ ಮುಕ್ತ ಶಾಲೆ (ಎನ್‌ಐಒಎಸ್) ಮೂಲಕ ಹತ್ತನೇ ತರಗತಿ ಕಟ್ಟಬಹುದು. ಬಡ ಕುಟುಂಬವಾದರೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೆ (ಮಾಸಿಕ ನೆರವಿಗೆ) ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕಿಸಿ. ತಾಯಿ ವಿಧವೆಯಾಗಿದ್ದರೆ ಅಥವಾ ಪರಿತ್ಯಕ್ತೆಯಾಗಿದ್ದರೆ ಮೊದಲು ಇದನ್ನೇ ನೋಡಿ. ತಿಂಗಳಿಗೆ 4,000 ರೂ.; ವಾರ್ಷಿಕ ಆದಾಯದ ಮಿತಿ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000.

ಪರಿಚಯದ ಗ್ಯಾರೇಜಿಗೆ ಸೇರಿಸಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಜೋಪಾನ. 18 ತುಂಬದವರನ್ನು ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ, ವಿರಾಮ ಸೇರಿ ದಿನಕ್ಕೆ 6 ಗಂಟೆ ಮೀರುವಂತಿಲ್ಲ. ಠಾಣೆಯೇ ಕಳಿಸಿದ ಹುಡುಗ ರಾತ್ರಿ ಹತ್ತರವರೆಗೆ ದುಡಿಯುತ್ತಿದ್ದರೆ ಜವಾಬು ಕೊಡಬೇಕಾದವರು ನೀವೇ.

ಗಾಂಜಾದ ವಿಷಯದಲ್ಲಿ ಬೈದು ಉಪಯೋಗವಿಲ್ಲ. ತಾಲ್ಲೂಕು ಆಸ್ಪತ್ರೆಗೆ ಜಿಲ್ಲಾ ಮಾನಸಿಕ ಆರೋಗ್ಯ ತಂಡ ಬರುವ ದಿನ ವಿಚಾರಿಸಿಟ್ಟುಕೊಂಡು, ಮನೆಯವರ ಜೊತೆ ಕಳಿಸಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಹಳೇ_ಸ್ಟೇಷನ್:
ಇಷ್ಟೆಲ್ಲ ಬೇಕೇ? ಜೈಲೊಳಗೆ ಒಂದು ಸುತ್ತು ಹಾಕಿಸಿದರೆ ಹೆದರಿ ಸರಿಹೋಗುತ್ತಾರೆ.

ಬಾಲನ್ಯಾಯ_ವಕೀಲೆ:
ಆ ಪ್ರಯೋಗ ಆಗಿಹೋಗಿದೆ ಸರ್. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಡುಗರನ್ನು ಜೈಲಿಗೆ ಕರೆದೊಯ್ದು, ಜೀವಾವಧಿ ಕೈದಿಗಳಿಂದ ಹೆದರಿಸುವ ಕಾರ್ಯಕ್ರಮ ಶುರುವಾಯಿತು. ಅಂಥವುಗಳ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿದಾಗ, ಜೈಲು ನೋಡಿ ಬಂದವರೇ ಹೋಗದವರಿಗಿಂತ ಹೆಚ್ಚು ತಪ್ಪು ಮಾಡಿದ್ದು ಕಂಡುಬಂತು. ನಮ್ಮ ಕಾಯ್ದೆಯ 12ನೇ ಕಲಂ ಏನು ಹೇಳುತ್ತದೆ ನೋಡಿ: ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ ಎಂದಿದ್ದರೆ ಜಾಮೀನನ್ನೇ ನಿರಾಕರಿಸಬಹುದು. ಅಂಥದ್ದರಲ್ಲಿ ಆ ಸಹವಾಸವನ್ನು ನಾವೇ ಮಾಡಿಸುವುದೇ?

ತಾಲ್ಲೂಕು_ಪಿಎಸ್‌ಐ:
ಜೈಲು ಭೇಟಿ ಕೈಬಿಟ್ಟೆ. ವ್ಹೀಲಿಂಗ್ ಮಾಡುವವರಿಗೆ ಏನು ಮಾಡಲಿ? ಮುಂದೆ ಕೆಲಸಕ್ಕೆ ಪೊಲೀಸ್ ಪರಿಶೀಲನೆ ಬಂದಾಗ ಈ ನಮೂದು ಅಡ್ಡ ಬರುತ್ತದೆಯೇ?

ಪರಿವೀಕ್ಷಣೆ_ಮಂಜು:
ಬರಬಾರದು. ಪ್ರಕರಣ ಮುಗಿದ ಮೇಲೆ ನಡತೆ ಪ್ರಮಾಣಪತ್ರಕ್ಕಾಗಿ ಆ ದಾಖಲೆಯನ್ನು ಪೊಲೀಸರು ಬಹಿರಂಗ ಮಾಡುವಂತಿಲ್ಲ, ಬಾಲನ್ಯಾಯ ಕಾಯ್ದೆಯ 74(2) ನೋಡಿ. ಠಾಣೆಯ ವಾಟ್ಸಾಪ್ ಗುಂಪಿಗೆ ಹುಡುಗನ ಫೋಟೊ ಹಾಕುವುದನ್ನು ಇವತ್ತೇ ನಿಲ್ಲಿಸಿ. ಅಲ್ಲಿಂದ ಸ್ಥಳೀಯ ಪತ್ರಿಕೆಗೆ ಹೋದರೆ ಗುರುತು ಬಯಲಾದಂತೆಯೇ. ಅದಕ್ಕೆ 6 ತಿಂಗಳವರೆಗೆ ಸಜೆ ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ವ್ಹೀಲಿಂಗ್ ವಿಷಯದಲ್ಲಿ ತಂದೆಯನ್ನು ಕರೆಸಿ, ಮೋಟಾರು ವಾಹನ ಕಾಯ್ದೆಯ 199ಎ ಓದಿ ಹೇಳಿ. ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಸಜೆ, 25,000 ರೂ. ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಕೇಳಿದ ಮೇಲೆ ಬೈಕಿನ ಕೀಲಿ ಅಪ್ಪನ ಜೇಬು ಸೇರುತ್ತದೆ.