ಹಿಡಿಯದ ಕ್ಯಾಚ್‌ಗೆ ಔಟ್, ಮೂರು ಸ್ಟ್ರೈಕ್ ಆದವಳು ನಾಟ್‌ಔಟ್! ಯಾರಾದ್ರೂ ಬಿಡಿಸಿ ಹೇಳಿ

ಬಳ್ಳಾರಿ ಅಂಪೈರ್:

ಮೊದಲೇ ಹೇಳಿಬಿಡುತ್ತೇನೆ, ನಾನು ಕ್ರಿಕೆಟ್ ಮನುಷ್ಯ. ಕೌಲ್ ಬಜಾರ್ ಕಡೆ ಒಂದು ಸಣ್ಣ ಹಾರ್ಡ್‌ವೇರ್ ಅಂಗಡಿ ಇದೆ. ಭಾನುವಾರ ಬಂದರೆ ಶಟರ್ ಎಳೆದು ಟೆನಿಸ್ ಬಾಲ್ ಟೂರ್ನಮೆಂಟ್‌ಗಳಿಗೆ ಅಂಪೈರಿಂಗ್ ಮಾಡಲು ಹೋಗುತ್ತೇನೆ. ಇಪ್ಪತ್ತು ವರ್ಷ ಆಯ್ತು. ನೋಬಾಲ್ ಕೊಟ್ಟಿದ್ದಕ್ಕೆ ಕಾಲರ್ ಹಿಡಿಸಿಕೊಂಡಿದ್ದೇನೆ. ಆದರೆ ರೂಲ್ಸ್ ಗೊತ್ತಿಲ್ಲದವನು ಅಂತ ಯಾರ ಬಾಯಲ್ಲೂ ಅನ್ನಿಸಿಕೊಂಡಿಲ್ಲ, ಹೋದ ಭಾನುವಾರದವರೆಗೆ.

ಮಗಳು ಒಂಬತ್ತನೇ ಕ್ಲಾಸು. ಶಾಲೆಯ ಸಾಫ್ಟ್‌ಬಾಲ್ ತಂಡದಲ್ಲಿ ಕ್ಯಾಚರ್, ಅಂದರೆ ನಮ್ಮ ಲೆಕ್ಕದಲ್ಲಿ ಕೀಪರ್. ಸಾಫ್ಟ್‌ಬಾಲ್ ಬೇಸ್‌ಬಾಲ್‌ನ ತಂಗಿ ಇದ್ದ ಹಾಗೆ, ರೂಲ್ಸು ಹೆಚ್ಚು ಕಡಿಮೆ ಅವೇ. ಅವಳ ಆಟ ಅರ್ಥ ಆಗಲಿ ಅಂತ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಫೋನಲ್ಲಿ ಅಮೆರಿಕದ ಬೇಸ್‌ಬಾಲ್ ನೋಡುತ್ತೇನೆ. ಹೆಂಡತಿ ನನಗೆ ತಲೆ ಕೆಟ್ಟಿದೆ ಅನ್ನುತ್ತಾಳೆ.

ಭಾನುವಾರದ ಮ್ಯಾಚಲ್ಲಿ ಎರಡು ಘಟನೆ ನಡೆದವು.

ಮೊದಲನೆಯದು: ಎದುರಾಳಿ ಹುಡುಗಿ ಮೂರನೇ ಸ್ಟ್ರೈಕ್‌ಗೆ (ಬೀಸಿ ತಪ್ಪಿದರೆ ಒಂದು ಸ್ಟ್ರೈಕ್) ಬ್ಯಾಟ್ ಬೀಸಿದಳು, ತಾಕಲಿಲ್ಲ. ನನ್ನ ಮಗಳ ಗ್ಲೌಸಿಂದ ಚೆಂಡು ಜಾರಿ ಕೆಳಗೆ ಬಿತ್ತು. ಮೂರು ಸ್ಟ್ರೈಕ್ ಅಂದ್ರೆ ಔಟ್, ಅಲ್ವಾ? ಆ ಹುಡುಗಿ ಮಾತ್ರ ಬ್ಯಾಟ್ ಬಿಸಾಕಿ ಮೊದಲ ಬೇಸ್‌ಗೆ ಓಡಿಬಿಟ್ಟಳು. ಅಂಪೈರ್ ಸೇಫ್ ಅಂದ!

ಎರಡನೆಯದು: ನಮ್ಮ ಬ್ಯಾಟಿಂಗ್. ಒಂದನೇ, ಎರಡನೇ ಬೇಸ್‌ನಲ್ಲಿ ನಮ್ಮ ಹುಡುಗಿಯರು ನಿಂತಿದ್ದಾರೆ. ಚೆಂಡು ನೆಟ್ಟಗೆ ಆಕಾಶಕ್ಕೆ ಹೋಯ್ತು. ಅದು ಇನ್ನೂ ಮೇಲಿರುವಾಗಲೇ ಅಂಪೈರ್ ಕೈ ಎತ್ತಿ 'ಇನ್‌ಫೀಲ್ಡ್ ಫ್ಲೈ' ಅಂತ ಕೂಗಿದ. ಫೀಲ್ಡರ್ ಕ್ಯಾಚ್ ಬಿಟ್ಟಳು. ಆದರೂ ಔಟಂತೆ. ನಾನು ಒಳಗೇ ನುಗ್ಗಿ ಜಗಳ ಮಾಡಿದೆ. ಮಗಳು ಬೈಕ್ ಮೇಲೆ ಮನೆವರೆಗೆ ಒಂದು ಮಾತಾಡಲಿಲ್ಲ. ದಾರಿಯಲ್ಲಿ ವಗ್ಗರಣಿ-ಮಿರ್ಚಿ ಕೊಡಿಸಿದೆ, ಮುಟ್ಟಲಿಲ್ಲ.

ನಂದು ತಪ್ಪಾ, ಅಂಪೈರ್‌ದಾ?

ಶಕ್ತಿನಗರ ಶಾರ್ಟ್‌ಸ್ಟಾಪ್:

ಅಣ್ಣಾ, ಕಾಲೇಜಲ್ಲಿ ನಾಲ್ಕು ವರ್ಷ ಸಾಫ್ಟ್‌ಬಾಲ್ ಆಡಿದವಳು ನಾನು. ಎರಡನೆಯದರಲ್ಲಿ ನಿಮ್ಮದೇ ತಪ್ಪು. ಮೊದಲನೆಯದಕ್ಕೆ ಆಮೇಲೆ ಬರುತ್ತೇನೆ.

ಕ್ರಿಕೆಟ್‌ನಲ್ಲಿ ಹೊಡೆದ ಮೇಲೆ ಓಡಲೇಬೇಕು ಅಂತಿಲ್ಲ. ಸುಮ್ನೆ ನಿಲ್ಲಬಹುದು. ಬೇಸ್‌ಬಾಲ್‌ನಲ್ಲಿ ಆಗಲ್ಲ. ಒಂದು ಬೇಸ್‌ಗೆ ಒಬ್ಬರೇ. ರಾಯಚೂರು ಬಸ್ಸಲ್ಲಿ ರಿಸರ್ವೇಶನ್ ಇದ್ದವರು ಬಂದರೆ ಏಳಬೇಕಲ್ಲ, ಹಾಗೆ. ಹೊಡೆದವಳು ಮೊದಲ ಬೇಸ್‌ಗೆ ಬಂದರೆ ಅಲ್ಲಿದ್ದವಳು ಎರಡಕ್ಕೆ, ಎರಡರವಳು ಮೂರಕ್ಕೆ ಹೋಗಲೇಬೇಕು. ಇದಕ್ಕೆ ಫೋರ್ಸ್ ಅಂತಾರೆ. ಅವಳಿಗಿಂತ ಮೊದಲು ಚೆಂಡು ಆ ಬೇಸ್‌ಗೆ ಬಂದರೆ ನಮ್ಮ ರನ್‌ಔಟ್ ಥರ ಔಟ್.

ಈಗ ಚೆಂಡು ಮೇಲೆ ಹೋಗಿದೆ. ಕ್ಯಾಚ್ ಆದರೆ ರನ್ನರ್‌ಗಳು ತಮ್ಮ ಬೇಸ್‌ಗೆ ವಾಪಸ್ ಬರಬೇಕು, ಹಾಗಾಗಿ ದೂರ ಓಡುವಂತಿಲ್ಲ. ಕಿಲಾಡಿ ಫೀಲ್ಡರ್ ಏನು ಮಾಡ್ತಾಳೆ? ಬೇಕಂತಲೇ ಕ್ಯಾಚ್ ಬಿಡ್ತಾಳೆ. ತಕ್ಷಣ ಎಲ್ಲರೂ ಮುಂದಿನ ಬೇಸ್‌ಗೆ ಓಡಬೇಕು, ಆದರೆ ಇನ್ನೂ ಇಲ್ಲೇ ನಿಂತಿದ್ದಾರೆ. ಚೆಂಡನ್ನು ಮೂರಕ್ಕೆ ಎಸೆದು, ಅಲ್ಲಿಂದ ಎರಡಕ್ಕೆ ಎಸೆದರೆ ಎರಡು ವಿಕೆಟ್! ಕ್ಯಾಚ್ ಹಿಡಿದಿದ್ದರೆ ಸಿಗ್ತಿದ್ದದ್ದು ಒಂದು. ಈ ಮೋಸ ತಡೆಯೋಕೆ ಅಂಪೈರ್ ಮೊದಲೇ ಹೊಡೆದವಳನ್ನು ಔಟ್ ಅಂತಾನೆ. ಹಿಂದಿನಿಂದ ಬರೋರೇ ಇಲ್ಲ ಅಂದ್ಮೇಲೆ ಸೀಟು ಬಿಡೋದೇಕೆ? ನಿಮ್ಮ ರನ್ನರ್‌ಗಳನ್ನು ಕಾಪಾಡಿದ ರೂಲ್ ಮೇಲೇ ನೀವು ಜಗಳ ಮಾಡಿದ್ದೀರಿ.

ಒಂದು-ಎರಡನೇ ಬೇಸ್ ಅಥವಾ ಮೂರೂ ಬೇಸ್ ತುಂಬಿರಬೇಕು, ಇಬ್ಬರು ಔಟಾಗಿರಬಾರದು (ಮೂರನೇ ಔಟಿಗೆ ಬ್ಯಾಟಿಂಗ್ ಸರದಿ ಮುಗಿಯುತ್ತೆ), ಇನ್‌ಫೀಲ್ಡ್‌ನ, ಅಂದರೆ ಬೇಸ್‌ಗಳ ಹತ್ತಿರದ ಫೀಲ್ಡರ್ ಸಲೀಸಾಗಿ ಹಿಡಿಯೋ ಕ್ಯಾಚ್ ಆಗಿರಬೇಕು. ಆಗ ಮಾತ್ರ ಇದು. ಸಲೀಸು ಅಂದ್ರೆ ಎಷ್ಟು ಸಲೀಸು? ಅದು ಅಂಪೈರ್ ಕಣ್ಣಿಗೆ ಬಿಟ್ಟಿದ್ದು. 2012ರಲ್ಲಿ ಅಟ್ಲಾಂಟಾ ಮತ್ತು ಸೇಂಟ್ ಲೂಯಿಸ್ ಮ್ಯಾಚಲ್ಲಿ ಚೆಂಡು ಔಟ್‌ಫೀಲ್ಡ್‌ನಲ್ಲಿ ಬಿದ್ದರೂ ಹೀಗೇ ಔಟ್ ಕೊಟ್ಟರು. ಜನ ಬಾಟಲಿ ತೂರಿದರು, ಆಟ 19 ನಿಮಿಷ ನಿಂತಿತು. ನೀವು ಬರೀ ಬಾಯಿ ಮಾಡಿದ್ದೀರಿ, ಪರವಾಗಿಲ್ಲ.

ಇನ್ನು ಮೊದಲನೆಯದು. ಮೂರನೇ ಸ್ಟ್ರೈಕ್‌ನಲ್ಲಿ ಕ್ಯಾಚರ್ ಚೆಂಡು ಹಿಡಿದರೇನೇ ಔಟ್ ಪೂರ್ತಿ. ಸ್ಕೋರ್‌ಬುಕ್ಕಲ್ಲಿ ಆ ಔಟ್ ಬರೆಯೋದೂ ಕ್ಯಾಚರ್ ಹೆಸರಲ್ಲೇ. ಬಿಟ್ಟರೆ ಬ್ಯಾಟರ್ ಓಡಬಹುದು. ಒಂದು ಷರತ್ತು ಇದೆ: ಮೊದಲ ಬೇಸ್ ಖಾಲಿ ಇರಬೇಕು. ಇಲ್ಲದಿದ್ದರೆ ಕ್ಯಾಚರ್ ಬೇಕಂತಲೇ ಬಿಟ್ಟು ಇಬ್ಬರನ್ನು ಔಟ್ ಮಾಡ್ತಾಳೆ. ಮತ್ತೆ ಅದೇ ಮೋಸ. ನಿಮ್ಮ ಮ್ಯಾಚಲ್ಲಿ ಮೊದಲ ಬೇಸ್ ಖಾಲಿ ಇತ್ತಾ?

ಬಳ್ಳಾರಿ ಅಂಪೈರ್:

ಬಸ್ ಸೀಟಿನ ಮಾತಿಂದ ಎರಡನೆಯದು ತಲೆಗೆ ಹೋಯ್ತು ತಂಗಿ. ಒಪ್ಪಿದೆ. ಆದರೆ ಮೊದಲ ಬೇಸ್ ಖಾಲಿ ಇರಲಿಲ್ಲ! ಅಲ್ಲೊಬ್ಬಳು ಕೆಂಪು ಹೆಲ್ಮೆಟ್ ಹುಡುಗಿ ನಿಂತಿದ್ದಳು, ಕಣ್ಣಾರೆ ನೋಡಿದ್ದೇನೆ. ಹಾಗಾದ್ರೆ ಅಂಪೈರ್ ತಪ್ಪು ಮಾಡಿದ. ನಾನು ಗೆದ್ದೆ.

ಕಿನ್ನಾಳ ಗೊಂಬೆ:

ಕ್ರಿಕೆಟ್‌ನವರಿಗೆ ಬೇಸ್‌ಬಾಲ್ ರೂಲ್ಸ್ ವಿಚಿತ್ರ ಅನ್ನಿಸೋದೇ ನನಗೆ ವಿಚಿತ್ರ. ಕೀಪರ್ ಹಿಂದೆ ಇಟ್ಟ ಹೆಲ್ಮೆಟ್‌ಗೆ ಚೆಂಡು ತಾಕಿದರೆ 5 ರನ್ ಕೊಡೋರು ನಾವು. 2023ರ ವಿಶ್ವಕಪ್‌ನಲ್ಲಿ ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ಒಂದೂ ಬಾಲ್ ಆಡದೆ ಟೈಮ್ಡ್ ಔಟ್ (ತಯಾರಾಗೋಕೆ ತಡ ಮಾಡಿದ್ದಕ್ಕೆ ಔಟ್) ಆಗಿ ಹೋದ. ಬೇಸ್‌ಬಾಲ್‌ನಲ್ಲಿ ಹೊಡೆದ ಚೆಂಡಿಗೆ ಫೀಲ್ಡರ್ ಟೋಪಿ ಎಸೆದು ತಾಕಿಸಿದರೆ ಬ್ಯಾಟರ್‌ಗೆ ಮೂರು ಬೇಸ್ ಫ್ರೀ. ನಮ್ಮಲ್ಲಿ ಟೋಪಿಯಿಂದ ಚೆಂಡು ತಡೆದರೂ ಅದೇ 5 ರನ್. ಕೊಪ್ಪಳದಲ್ಲಿ ನಮ್ಮ ಗಲ್ಲಿ ಕ್ರಿಕೆಟ್‌ಗೆ 'ಗೌಡರ ಕಾಂಪೌಂಡಿಗೆ ಹೋದ್ರೆ ಔಟ್, ಚೆಂಡು ತರೋದೂ ಹೊಡೆದವನೇ' ಅನ್ನೋ ರೂಲ್ ಇದೆ. ಅದರ ಮುಂದೆ ಇವೆಲ್ಲಾ ಏನು ಬಿಡ್ರಿ.

ಶಕ್ತಿನಗರ ಶಾರ್ಟ್‌ಸ್ಟಾಪ್:

ಅಂಪೈರ್ ಅಣ್ಣಾ, ಗೆದ್ದೆ ಅನ್ನೋಕೆ ಮುಂಚೆ ತಾಳಿ. ನಾನು ಅರ್ಧ ಮಾತ್ರ ಬರೆದಿದ್ದೆ, ತಪ್ಪು ನನ್ನದು. ಅಷ್ಟರೊಳಗೆ ಇಬ್ಬರು ಔಟಾಗಿದ್ದರೆ ಮೊದಲ ಬೇಸ್‌ನಲ್ಲಿ ಯಾರಿದ್ದರೂ ಬ್ಯಾಟರ್ ಓಡಬಹುದು. ಇನ್ನೊಂದೇ ಔಟ್ ಬೇಕಾದಾಗ ಬೇಕಂತ ಚೆಂಡು ಬಿಟ್ಟು ಲಾಭ ಏನೂ ಇಲ್ಲವಲ್ಲ.

ಈ ರೂಲ್ ದೊಡ್ಡ ದೊಡ್ಡವರಿಗೂ ಕೈ ಕೊಟ್ಟಿದೆ. 1941ರ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ), ನಾಲ್ಕನೇ ಮ್ಯಾಚು. ಬ್ರೂಕ್ಲಿನ್ ಡಾಡ್ಜರ್ಸ್ 4-3 ಮುಂದೆ. ಒಂಬತ್ತನೇ, ಅಂದರೆ ಕೊನೆಯ ಇನ್ನಿಂಗ್ಸ್, ಇಬ್ಬರು ಔಟ್. ಯಾಂಕೀಸ್‌ನ ಟಾಮಿ ಹೆನ್ರಿಕ್ ಮೂರನೇ ಸ್ಟ್ರೈಕ್‌ಗೆ ಬೀಸಿ ತಪ್ಪಿದ. ಮ್ಯಾಚ್ ಮುಗೀತು ಅನ್ನೋವಷ್ಟರಲ್ಲಿ ಕ್ಯಾಚರ್ ಮಿಕ್ಕಿ ಓವನ್ ಕೈಯಿಂದ ಚೆಂಡು ತಪ್ಪಿತು, ಹೆನ್ರಿಕ್ ಓಡಿದ. ಆಮೇಲೆ ಯಾಂಕೀಸ್ ನಾಲ್ಕು ರನ್ ಹೊಡೆದು 7-4ಕ್ಕೆ ಗೆದ್ದರು. ಮರುದಿನ ಸೀರೀಸೂ ಅವರದೇ ಆಯ್ತು. ಮಗಳಿಗೆ ಹೇಳಿ, ಸಮಾಧಾನ ಆದೀತು.

ಎಷ್ಟು ಜನ ಔಟಾಗಿದ್ದರು?

ಬಳ್ಳಾರಿ ಅಂಪೈರ್:

ಕೇಳಿದೆ. ರಾತ್ರಿ ಊಟದ ತಟ್ಟೆಯಲ್ಲಿ ನಾಲ್ಕು ಶೇಂಗಾ ಇಟ್ಟು ಬೇಸ್ ಮಾಡಿ, ಹಸಿಮೆಣಸಿನಕಾಯಿ ತುಂಡುಗಳನ್ನು ರನ್ನರ್ ಮಾಡಿ ಕೇಳಿದೆ. ಐದು ದಿನದ ಮೇಲೆ ಬಾಯಿ ಬಿಟ್ಟಳು. "ಇಬ್ರು ಔಟಾಗಿದ್ರು ಅಪ್ಪಾ."

ಸರಿ, ಅಂಪೈರ್ ಎರಡರಲ್ಲೂ ಸರಿ. ಅಲ್ಲಿಗೆ ಬಿಡಬಹುದಿತ್ತು. ನಾನು ಸುಮ್ಮನಿರದೆ ಮಿಕ್ಕಿ ಓವನ್ ಕಥೆ ಹೇಳಿದೆ. "ನಿನ್ನ ಕೈಯಿಂದ ಜಾರಿದ್ದು ದೊಡ್ಡದಲ್ಲ ಪುಟ್ಟಾ, ಅಂಥವನೇ ಬಿಟ್ಟಿದ್ದಾನೆ" ಅಂದೆ.

ಅವಳು ಒಂದು ಶೇಂಗಾ ಬಾಯಿಗೆ ಹಾಕಿಕೊಂಡಳು. "ಚೆಂಡು ನನ್ನ ಕಾಲ ಹತ್ರಾನೇ ಇತ್ತು. ಎತ್ತಿ ಎಸೆಯೋಕೆ ಬಗ್ಗಿದ್ದೆ. ಯಾರೋ ಜೋರಾಗಿ 'ಔಟ್! ಔಟ್!' ಅಂತ ಕೂಗಿದ್ರು. ಅಂಪೈರೇ ಅನ್ಕೊಂಡು ನಿಂತ್ಬಿಟ್ಟೆ."

ಇಪ್ಪತ್ತು ವರ್ಷ ಮೈದಾನದಲ್ಲಿ ಕೂಗಿ ಕೂಗಿ ಪಳಗಿದ ದನಿ ನೋಡಿ, ಎಲ್ಲಿದ್ದರೂ ಅಂಪೈರ್ ಥರಾನೇ ಕೇಳುತ್ತೆ. ಅದರ ಮುಂದಿನ ಹೊಡೆತಕ್ಕೆ ಅವರು ಎರಡು ರನ್ ಮಾಡಿದ್ದರು. ನಾವು ಸೋತಿದ್ದು ಒಂದು ರನ್ನಿಂದ.

ಮುಂದಿನ ಮ್ಯಾಚಿಗೆ ಬರಬಹುದಂತೆ. ಬೇಲಿಯ ಆಚೆ, ಬೇವಿನ ಮರದ ಕೆಳಗೆ, ಬಾಯಲ್ಲಿ ಮಿರ್ಚಿ ಇಟ್ಟುಕೊಂಡು.