ಪದಚರ್ಚೆ: ಕಾರ್ಯಕ್ರಮ ‘ಮುಂದಕ್ಕೆ’ ಹೋದರೆ ಯಾವ ಕಡೆಗೆ?

ಗೆಳೆಯರೇ, ನಮಸ್ಕಾರ.

ಒಂದು ವೆಬ್‌ಸೈಟಿನ ಕಾರ್ಯಕ್ರಮಗಳ ಕ್ಯಾಲೆಂಡರನ್ನು ಪೂರ್ತಿ ಕನ್ನಡದಲ್ಲಿ ನಡೆಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೊಸದನ್ನು ಸೇರಿಸುವುದು, ತಿದ್ದುವುದು, ದಿನ ಬದಲಾದರೆ ಜನರಿಗೆ ತಿಳಿಸುವುದು, ಎಲ್ಲ ಅದರಲ್ಲೇ ಬರುತ್ತದೆ. ಬಟನ್‌ಗಳ ಮೇಲೆ, ಸೂಚನೆಗಳಲ್ಲಿ ಯಾವ ಪದ ಇಡಬೇಕು ಅನ್ನುವುದಕ್ಕೆ ನಿಮ್ಮ ಸಲಹೆ ಬೇಕು. ಪದ ಎಷ್ಟು ಅಚ್ಚಗನ್ನಡ, ಎಷ್ಟು ಸಂಸ್ಕೃತ ಅನ್ನುವುದು ಇಲ್ಲಿ ನನ್ನ ಪ್ರಶ್ನೆ ಅಲ್ಲ. ಓದಿದವರು ಸರಿಯಾದ ದಿನ, ಸರಿಯಾದ ಹೊತ್ತಿಗೆ ಬರಬೇಕು. ಅಷ್ಟೇ ನನ್ನ ಅಳತೆ.

ಸುಲಭದವನ್ನು ಮೊದಲು ಮುಗಿಸುತ್ತೇನೆ. ‘ಕ್ಯಾಲೆಂಡರ್’ ಹಾಗೇ ಇರಲಿ ಅಂದುಕೊಂಡಿದ್ದೇನೆ. ‘ದಿನದರ್ಶಿಕೆ’ ಚೆನ್ನಾಗಿದೆ, ಆದರೆ ಅದನ್ನು ಓದಿದಾಗ ಗೋಡೆಗೆ ತೂಗುಹಾಕುವ ಹಾಳೆಗಳೇ ನೆನಪಾಗುತ್ತವೆ. ‘ಪಂಚಾಂಗ’ ಅಂತೂ ಬೇರೆಯದೇ ವಸ್ತು. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳಿದ್ದರೆ ಮಾತ್ರ ಅದು ಪಂಚಾಂಗ. ಈವೆಂಟ್‌ಗೆ ‘ಘಟನೆ’ ಬೇಡ. ಘಟನೆ ತಾನಾಗಿ ಆಗುವಂಥದ್ದು, ಕಾರ್ಯಕ್ರಮ ನಾವು ಕೂಡಿ ನಡೆಸುವಂಥದ್ದು. ಒಂದೇ ಒಂದು ತೊಡಕಿದೆ: ‘ಅರ್ಜಿ ಕೊಡಲು ಕೊನೆಯ ದಿನ’ ಅನ್ನುವುದನ್ನೂ ಕ್ಯಾಲೆಂಡರಿಗೆ ಹಾಕುತ್ತೇವೆ. ಅದು ಕಾರ್ಯಕ್ರಮ ಅಲ್ಲ. ಅಂಥವಕ್ಕೆ ‘ನೆನಪಿಡಬೇಕಾದ ದಿನ’ ಅನ್ನಬಹುದೇ?

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಕಾರ್ಯಕ್ರಮದ ದಿನ ಬದಲಾದಾಗ ಏನು ಬರೆಯಬೇಕು?

‘ಮುಂದೂಡಲಾಗಿದೆ’ ಅನ್ನುವುದು ಎಲ್ಲರಿಗೂ ಗೊತ್ತಿರುವ ಪದ. ಪತ್ರಿಕೆಗಳಲ್ಲಿ ದಿನಾ ನೋಡುತ್ತೇವೆ. ಆದರೆ ಅದರೊಳಗೆ ಎರಡು ಸಂಗತಿಗಳು ಸೇರಿಕೊಂಡಿವೆ. ಒಂದು, ಹಳೆಯ ದಿನ ಹೋಯಿತು, ಹೊಸ ದಿನ ಇನ್ನೂ ಗೊತ್ತಿಲ್ಲ. ಇನ್ನೊಂದು, ಹಳೆಯ ದಿನ ಹೋಯಿತು, ಹೊಸ ದಿನ ಇದು. ಕಂಪ್ಯೂಟರ್ ಇವೆರಡನ್ನೂ ಬೇರೆ ಇಡುತ್ತದೆ. ಹುಡುಕುತಾಣಗಳಿಗೆ ಕಾರ್ಯಕ್ರಮದ ವಿವರ ತಿಳಿಸಲು ಸ್ಕೀಮಾ ಡಾಟ್ ಆರ್ಗ್ ಎಂಬ ಪದಕೋಶ ಬಳಸುತ್ತೇವೆ. ಅದರಲ್ಲಿ ಕಾರ್ಯಕ್ರಮದ ಸ್ಥಿತಿಗೆ ಐದು ಹೆಸರುಗಳಿವೆ. ನಿಗದಿಯಂತೆ ನಡೆಯುತ್ತದೆ ಅನ್ನುವುದಕ್ಕೆ ‘ಶೆಡ್ಯೂಲ್ಡ್’, ಹೊಸ ದಿನ ಗೊತ್ತಿಲ್ಲದೆ ನಿಂತಿದ್ದರೆ ‘ಪೋಸ್ಟ್‌ಪೋನ್ಡ್’, ಹೊಸ ದಿನ ಸಿಕ್ಕಿದ್ದರೆ ‘ರೀಶೆಡ್ಯೂಲ್ಡ್’, ನಡೆಯುವುದೇ ಇಲ್ಲ ಅಂದರೆ ‘ಕ್ಯಾನ್ಸಲ್ಡ್’. ಐದನೆಯದು ‘ಮೂವ್ಡ್ ಆನ್‌ಲೈನ್’. ಅದು ಸೇರಿದ್ದು 2020ರಲ್ಲಿ, ಕೊರೋನಾ ಶುರುವಾದ ಕಾಲಕ್ಕೆ. ಕ್ಯಾಲೆಂಡರ್‌ಗಳು ಒಂದರಿಂದ ಇನ್ನೊಂದಕ್ಕೆ ಮಾಹಿತಿ ಕಳಿಸಲು ಬಳಸುವ ಐಕ್ಯಾಲೆಂಡರ್ ಪದ್ಧತಿಯಲ್ಲಿ ಇಷ್ಟು ಬಗೆ ಇಲ್ಲ. ಆ ಪದ್ಧತಿಯ ನಿಯಮಗಳನ್ನು ಬರೆದಿಟ್ಟಿರುವ ದಾಖಲೆ, 2009ರ ಆರ್‌ಎಫ್‌ಸಿ 5545, ಅದರ ಪ್ರಕಾರ ಕಾರ್ಯಕ್ರಮಕ್ಕೆ ಮೂರೇ ಸ್ಥಿತಿ: ಇನ್ನೂ ಖಚಿತವಿಲ್ಲ, ಖಚಿತ, ರದ್ದು. ಮುಂದೂಡುವುದು ಅಂತ ಬೇರೆ ಸ್ಥಿತಿಯೇ ಅಲ್ಲಿಲ್ಲ. ದಿನಾಂಕ ತಿದ್ದಿ, ಪರಿಷ್ಕರಣೆಯ ಸಂಖ್ಯೆಯನ್ನು ಹೆಚ್ಚಿಸಿ ಕಳಿಸಬೇಕು. ಹಾಗಾಗಿ ಜನರಿಗೆ ವಿವರಿಸಿ ಹೇಳುವ ಭಾರವೆಲ್ಲ ನಾವು ಬರೆಯುವ ಕನ್ನಡದ ಮೇಲೇ ಬೀಳುತ್ತದೆ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ದಿನ ಮುಂದಕ್ಕೆ ಹೋಗದೆ, ಇದ್ದ ದಿನಕ್ಕಿಂತ ಮೊದಲೇ ನಡೆಯುವುದಾದರೆ ಏನನ್ನೋಣ? ಭಾರತದ ಇಂಗ್ಲಿಷಿನಲ್ಲಿ ‘ಪ್ರೀಪೋನ್’ ಅಂತ ಒಂದು ಪದ ಚೆನ್ನಾಗಿ ಬೇರುಬಿಟ್ಟಿದೆ. ಕನ್ನಡದಲ್ಲಿ ‘ಹಿಂದೂಡು’ ಅಂತ ಕಟ್ಟಬಹುದು, ಆದರೆ ಓದಿದವರಿಗೆ ತಟ್ಟನೆ ಹೊಳೆಯುತ್ತದೆಯೇ? ‘ಹಿಂದಕ್ಕೆ ಹಾಕಲಾಗಿದೆ’ ಅಂದರೂ ಅನುಮಾನ ಉಳಿಯುತ್ತದೆ. ‘ಹಿಂದಿನ ದಿನ’ ಅಂದರೆ ಮೊದಲಿನ ದಿನ, ಸರಿ. ಆದರೆ ‘ಕೆಲಸ ಹಿಂದೆ ಬಿದ್ದಿದೆ’ ಅಂದರೆ ತಡವಾಗಿದೆ ಅಂತ. ಒಂದೇ ‘ಹಿಂದೆ’ ಎರಡು ದಿಕ್ಕಿಗೂ ಎಳೆಯುತ್ತದೆ.

‘ಮುಂದೆ’ಯ ಕಥೆಯೂ ಹಾಗೇ. ‘ಮುಂದಿನ ದಿನ’ ಅಂದರೆ ಮಾರನೆಯ ದಿನ. ‘ಮುನ್ನಾದಿನ’ ಅಂದರೆ ಅದಕ್ಕೆ ತದ್ವಿರುದ್ಧ, ಮೊದಲಿನ ದಿನ. ಮುಂಗಡ, ಮುನ್ಸೂಚನೆ, ಮುಂಚೆ, ಮುನ್ನ ಎಲ್ಲವೂ ‘ಮೊದಲು’ ಅನ್ನುತ್ತವೆ. ಮುಂದೂಡು, ಮುಂದುವರಿಸು, ಇನ್ನು ಮುಂದೆ ಎಲ್ಲವೂ ‘ಆಮೇಲೆ’ ಅನ್ನುತ್ತವೆ. ಗಡಿಯಾರ ಐದು ನಿಮಿಷ ಮುಂದಿದೆ ಅಂದರೆ ಅದು ಬೇಗ ಓಡುತ್ತಿದೆ. ಕಾರ್ಯಕ್ರಮ ಐದು ನಿಮಿಷ ಮುಂದಕ್ಕೆ ಹೋಗಿದೆ ಅಂದರೆ ತಡವಾಗುತ್ತದೆ. ಎದುರು ನಿಂತು ಮಾತಾಡುವಾಗ ಇದರಿಂದ ತೊಂದರೆ ಇಲ್ಲ, ದನಿ ಮತ್ತು ಸಂದರ್ಭ ಕೈಹಿಡಿಯುತ್ತವೆ. ಆದರೆ ಮೊಬೈಲಿನಲ್ಲಿ ಒಂದು ಸಾಲಿನ ಸೂಚನೆ ಬಂದಾಗ? ‘ಎರಡು ದಿನ ಮುಂಚೆ’ ಮತ್ತು ‘ಎರಡು ದಿನ ಮುಂದೆ’ ನಡುವೆ ಒಂದೇ ಒಂದು ಅಕ್ಷರದ ವ್ಯತ್ಯಾಸ. ಅವಸರದಲ್ಲಿ ಓದುವವರ ಕಣ್ಣು ಅದನ್ನು ದಾಟಿ ಹೋಗುತ್ತದೆ. ದಿನ ತಡವಾದ ಸುದ್ದಿ ತಪ್ಪಿದರೆ ಸುಮ್ನೆ ಒಂದು ಸಲ ಬಂದು ವಾಪಸ್ ಹೋಗುತ್ತಾರೆ. ದಿನ ಮೊದಲಾದ ಸುದ್ದಿ ತಪ್ಪಿದರೆ ಕಾರ್ಯಕ್ರಮವೇ ಕೈತಪ್ಪುತ್ತದೆ. ಎರಡನೆಯ ನಷ್ಟ ಜಾಸ್ತಿ.

ಹಾಗಾಗಿ ನನ್ನ ಸಲಹೆ ಹೀಗಿದೆ. ಹೊಸ ದಿನ ಗೊತ್ತಿದ್ದರೆ ‘ಮುಂದೂಡು’ ಪದವನ್ನೇ ಬಳಸಬಾರದು. ‘ದಿನ ಬದಲಾಗಿದೆ: 14, ಶುಕ್ರವಾರದ ಬದಲು 12, ಬುಧವಾರ’ ಅಂತ ಎರಡೂ ದಿನಗಳನ್ನು ವಾರದ ಹೆಸರಿನ ಸಮೇತ ಬರೆಯಬೇಕು. ಹಳೆಯ ದಿನಾಂಕವನ್ನು ಅಳಿಸಿ ಹೊಸದನ್ನು ಮಾತ್ರ ಹಾಕಿದರೆ, ಹಳೆಯದು ತಲೆಯಲ್ಲಿ ಕೂತವರಿಗೆ ಬದಲಾವಣೆ ಆಗಿದೆ ಅಂತಲೇ ಗೊತ್ತಾಗುವುದಿಲ್ಲ. ‘ಮುಂದೂಡಲಾಗಿದೆ’ ಅನ್ನುವುದನ್ನು ಹೊಸ ದಿನ ಗೊತ್ತಿಲ್ಲದ ಸ್ಥಿತಿಗೆ ಮಾತ್ರ ಮೀಸಲಿಟ್ಟು, ಪಕ್ಕದಲ್ಲೇ ‘ಹೊಸ ದಿನ ಮತ್ತೆ ತಿಳಿಸುತ್ತೇವೆ’ ಅಂತ ಸೇರಿಸಬಹುದು. ಪ್ರೀಪೋನ್‌ಗೆ ನಿಮ್ಮ ಮಾತಿನಲ್ಲಿ ಸಹಜವಾಗಿ ಬರುವ ಪದ ಇದ್ದರೆ ದಯವಿಟ್ಟು ಹೇಳಿ. ಹೊಸದಾಗಿ ಕಟ್ಟಿದ ಪದಕ್ಕಿಂತ ಯಾರಾದರೂ ಆಡುವುದನ್ನು ನೀವು ಕೇಳಿದ ಪದ ನನಗೆ ಹೆಚ್ಚು ಬೇಕು.

‘ರದ್ದು’ ಬಗ್ಗೆ ಒಂದು ಮಾತು. ಕಾರ್ಯಕ್ರಮ ನಡೆಯುವುದಿಲ್ಲ ಅನ್ನುವುದಕ್ಕೂ ರದ್ದು, ಫಾರಂ ತುಂಬುವುದನ್ನು ಅರ್ಧಕ್ಕೆ ಬಿಡುವ ಬಟನ್‌ಗೂ ರದ್ದು ಅಂತ ಬರೆಯುವ ರೂಢಿ ಇದೆ. ‘ಈ ಕಾರ್ಯಕ್ರಮ ರದ್ದು ಮಾಡಬೇಕೇ?’ ಅಂತ ಕೇಳಿ, ಕೆಳಗೆ ‘ಸರಿ’, ‘ರದ್ದುಮಾಡಿ’ ಅಂತ ಎರಡು ಬಟನ್ ಕೊಟ್ಟರೆ ಯಾವುದನ್ನು ಒತ್ತಬೇಕು? ಎರಡೂ ಹೌದು ಅಂದ ಹಾಗೇ ಕಾಣುತ್ತವೆ. ಅದರ ಬದಲು ‘ಹೌದು, ಕಾರ್ಯಕ್ರಮ ರದ್ದು’, ‘ಬೇಡ, ಹಾಗೇ ಇರಲಿ’ ಅಂತ ಬರೆದರೆ ಗೊಂದಲ ಇರುವುದಿಲ್ಲ. ರದ್ದಾದದ್ದನ್ನು ಅಳಿಸಲೂಬಾರದು. ಅದು ಪುಟದಲ್ಲೇ ‘ರದ್ದಾಗಿದೆ’ ಅಂತ ಕಾಣಬೇಕು, ಇಲ್ಲದಿದ್ದರೆ ಹುಡುಕಿಕೊಂಡು ಬಂದವರಿಗೆ ಉತ್ತರವೇ ಸಿಗುವುದಿಲ್ಲ. ಅಂದಹಾಗೆ, ಖಚಿತವಾಗದ ಕಾರ್ಯಕ್ರಮಕ್ಕೆ ‘ತಾತ್ಕಾಲಿಕ’ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ತಾತ್ಕಾಲಿಕ ಅಂದರೆ ಸ್ವಲ್ಪ ಕಾಲ ಮಾತ್ರ ಇರುವುದು. ‘ಇನ್ನೂ ಖಚಿತವಾಗಿಲ್ಲ’ ಅಂದರೆ ಸಾಕು.

ಇನ್ನು ಮತ್ತೆ ಮತ್ತೆ ನಡೆಯುವ ಕಾರ್ಯಕ್ರಮಗಳು. ಇಲ್ಲಿ ‘ವಾರ’ ಕಾಡುತ್ತದೆ. ಏಳು ದಿನಗಳ ಗುಂಪಿಗೂ ವಾರ, ಸೋಮ ಮಂಗಳ ಅನ್ನುವುದಕ್ಕೂ ವಾರ. ‘ಇವತ್ತು ಯಾವ ವಾರ?’ ಅಂತ ಕೇಳುತ್ತೇವಲ್ವಾ? ಫಾರಂನಲ್ಲಿ ‘ವಾರ ಆರಿಸಿ’ ಅಂತ ಬರೆದರೆ ಒಬ್ಬರು ಶುಕ್ರವಾರ ಅನ್ನುತ್ತಾರೆ, ಇನ್ನೊಬ್ಬರು ಎರಡನೇ ವಾರ ಅನ್ನುತ್ತಾರೆ. ‘ಎರಡನೇ ಶನಿವಾರ’ವೂ ‘ಎರಡನೇ ವಾರದ ಶನಿವಾರ’ವೂ ಯಾವಾಗಲೂ ಒಂದೇ ಅಲ್ಲ. ತಿಂಗಳು ಭಾನುವಾರ ಶುರುವಾಗಿದೆ, ಕ್ಯಾಲೆಂಡರಿನ ಸಾಲುಗಳು ಸೋಮವಾರದಿಂದ ಶುರುವಾಗುತ್ತವೆ ಅಂದುಕೊಳ್ಳಿ. ಆಗ ಎರಡನೇ ಸಾಲಿನ ಶನಿವಾರ 7ನೇ ತಾರೀಕು, ತಿಂಗಳ ಎರಡನೇ ಶನಿವಾರ 14ನೇ ತಾರೀಕು.

ಹದಿನೈದು ದಿನಕ್ಕೊಮ್ಮೆ ಅನ್ನುವುದೂ ಅಷ್ಟೇ. ಎರಡು ತುದಿಗಳನ್ನೂ ಸೇರಿಸಿ ಎಣಿಸುವುದು ನಮ್ಮ ರೂಢಿ. ಸೋಮವಾರದಿಂದ ಸೋಮವಾರಕ್ಕೆ ಎಂಟು ದಿನ, ಇನ್ನೊಂದು ಸೋಮವಾರಕ್ಕೆ ಹದಿನೈದು ದಿನ. ಕ್ಯಾಲೆಂಡರ್ ತಂತ್ರಾಂಶಕ್ಕೆ 15 ಅಂತ ಕೊಟ್ಟರೆ ಅದು ಅಕ್ಷರಶಃ 15 ದಿನ ಎಣಿಸುತ್ತದೆ. ಸೋಮವಾರ ಇದ್ದದ್ದು ಮುಂದಿನ ಸಲ ಮಂಗಳವಾರ, ಆಮೇಲೆ ಬುಧವಾರ. ಪಾಕ್ಷಿಕ ಅಂದರೆ ತಿಂಗಳಿಗೆ ಎರಡು, ವರ್ಷಕ್ಕೆ 24. ಎರಡು ವಾರಕ್ಕೊಮ್ಮೆ ಅಂದರೆ ವರ್ಷಕ್ಕೆ 26. ಇದಕ್ಕೆ ನನಗೆ ತುಂಬಾ ಇಷ್ಟವಾದದ್ದು ‘ವಾರ ಬಿಟ್ಟು ವಾರ’. ದಿನ ಬಿಟ್ಟು ದಿನ ಅನ್ನುವ ಹಾಗೆ ಬಾಯಿಗೆ ಸಲೀಸಾಗಿ ಬರುತ್ತದೆ, ಲೆಕ್ಕವೂ ತಪ್ಪುವುದಿಲ್ಲ.

ಇದೇ ಎಣಿಕೆ ‘ವರೆಗೆ’ ಅನ್ನುವಲ್ಲೂ ಬರುತ್ತದೆ. ‘10ರಿಂದ 12ರವರೆಗೆ’ ಅಂದರೆ 12ನೇ ತಾರೀಕೂ ಕಾರ್ಯಕ್ರಮ ಇದೆ ಅಂತಲೇ ನಾವು ಓದುತ್ತೇವೆ. ಐಕ್ಯಾಲೆಂಡರ್ ಹಾಗಲ್ಲ. ಇಡೀ ದಿನದ ಕಾರ್ಯಕ್ರಮಕ್ಕೆ ಅದರಲ್ಲಿ ಕೊಡುವ ಮುಕ್ತಾಯದ ದಿನಾಂಕ ಲೆಕ್ಕಕ್ಕೆ ಸೇರುವುದಿಲ್ಲ. ಈ ಮೂರು ದಿನಕ್ಕೆ ಅಲ್ಲಿ 13 ಅಂತ ಬರೆಯಬೇಕು. ಆ ಲೆಕ್ಕವನ್ನು ತಂತ್ರಾಂಶವೇ ಒಳಗೆ ಮಾಡಿಕೊಳ್ಳಲಿ, ಫಾರಂನಲ್ಲಿ ಕಾಣುವ ಪದ ‘ಮುಕ್ತಾಯ’ ಆಗುವ ಬದಲು ‘ಕೊನೆಯ ದಿನ’ ಆಗಲಿ ಅಂತ ನನ್ನ ಆಸೆ. ಆದರೆ ಮೇಲೆ ಹೇಳಿದ ಅರ್ಜಿಯ ‘ಕೊನೆಯ ದಿನ’ದ ಜೊತೆ ಇದು ಕಲಸಿಹೋಗುತ್ತದೆಯೇ ಅನ್ನುವ ಅಳುಕೂ ಇದೆ.

ಸಮಯದ ಬಗ್ಗೆ ಚುಟುಕಾಗಿ: ‘ಅಪರಾಹ್ನ 8:00’ ಅನ್ನುವುದನ್ನು ತೆಗೆದು ‘ರಾತ್ರಿ 8:00’ ಮಾಡುತ್ತಿದ್ದೇನೆ. ಅಪರಾಹ್ನ ಅಂದರೆ ಮಧ್ಯಾಹ್ನದ ನಂತರದ ಹೊತ್ತು, ರಾತ್ರಿಗೆ ಅದು ಸಲ್ಲುವುದಿಲ್ಲ. ‘ಶನಿವಾರ ರಾತ್ರಿ 1 ಗಂಟೆ’ ಮಾತಿನಲ್ಲಿ ಶನಿವಾರವೇ ಆದರೂ ಕ್ಯಾಲೆಂಡರಿನಲ್ಲಿ ಭಾನುವಾರ. ಅಲ್ಲಿ ‘ಶನಿವಾರ ಕಳೆದು ಭಾನುವಾರ, ರಾತ್ರಿ 1’ ಅಂತ ಎರಡೂ ವಾರಗಳ ಹೆಸರು ಬರೆಯುವುದೇ ಒಳ್ಳೆಯದು.

ಕೊನೆಗೆ ಒಂದು ಪ್ರಶ್ನೆ ಉಳಿದಿದೆ. ಪ್ರತಿ ವಾರ ನಡೆಯುವ ಕಾರ್ಯಕ್ರಮವನ್ನು ತಿದ್ದಲು ಹೋದರೆ ಕ್ಯಾಲೆಂಡರ್ ಮೂರು ಆಯ್ಕೆ ಕೊಡುತ್ತದೆ: ಈ ಒಂದನ್ನು ಮಾತ್ರ ತಿದ್ದಬೇಕೇ, ಇಲ್ಲಿಂದ ಆಚೆಗಿನ ಎಲ್ಲವನ್ನೂ ತಿದ್ದಬೇಕೇ, ಮುಗಿದುಹೋದವೂ ಸೇರಿ ಎಲ್ಲವನ್ನೂ ತಿದ್ದಬೇಕೇ? ‘ಇದೊಂದು ಸಲ ಮಾತ್ರ’, ‘ಈ ಸಲದಿಂದ ಶುರುಮಾಡಿ ಎಲ್ಲ’, ‘ಮೊದಲಿನಿಂದ ಎಲ್ಲ’ ಅಂತ ಬರೆದಿಟ್ಟಿದ್ದೇನೆ. ಎರಡನೆಯದಕ್ಕೆ ‘ಇನ್ನು ಮುಂದೆ ಎಲ್ಲ’ ಅಂದರೆ ಚಿಕ್ಕದಾಗುತ್ತಿತ್ತು, ಆದರೆ ಆಗ ಈ ವಾರದ್ದು ಸೇರಿತೋ ಬಿಟ್ಟುಹೋಯಿತೋ ತಿಳಿಯುವುದಿಲ್ಲ. ಬಟನ್ ಮೇಲೆ ಹಿಡಿಯುವಷ್ಟು ಚಿಕ್ಕದಾಗಿ, ಈ ವಾರವೂ ಸೇರಿದೆ ಅಂತ ಗೊತ್ತಾಗುವ ಹಾಗೆ ನೀವಾದರೆ ಹೇಗೆ ಹೇಳುತ್ತೀರಿ?