ಗಾಜು–ಗ್ಲಿಸರಿನ್ ಗಡಿಯಲ್ಲಿ ಕ್ರಾಂತಿಕ ಕೋನ ಜಾರುತ್ತಿದೆ: ಇದು ಅರೇಖೀಯ ಪರಿಣಾಮವೇ?

ಪ್ರಶ್ನೆ (ಉಡುಪಿ)

ನಮಸ್ಕಾರ. ನಾನು ಇಲ್ಲಿನ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಬೆಳಕಿನ ತೀವ್ರತೆಗೆ ತಕ್ಕಂತೆ ವಕ್ರೀಭವನ ಸೂಚ್ಯಂಕವೇ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆಯೇ) ಬದಲಾಗುವ, ಅಂದರೆ ಅರೇಖೀಯವಾದ, ಮಾಧ್ಯಮದ ಗಡಿಯಲ್ಲಿ ಬೆಳಕಿನ ದೂಲ ಹೇಗೆ ವರ್ತಿಸುತ್ತದೆ ಎಂಬುದನ್ನು ಮಕ್ಕಳಿಗೆ ಮೇಜಿನ ಮೇಲೆಯೇ ತೋರಿಸಬೇಕೆಂಬ ಆಸೆಯಿಂದ, 1.517 ಸೂಚ್ಯಂಕದ ಅರ್ಧವೃತ್ತಾಕಾರದ ಗಾಜಿನ ತುಂಡಿನ ಚಪ್ಪಟೆ ಮುಖ ತಾಗುವಂತೆ ತಟ್ಟೆಯಲ್ಲಿ ಗ್ಲಿಸರಿನ್ ತುಂಬಿ, ಅದಕ್ಕೆ ಅಡುಗೆಯ ಕೆಂಪು ಬಣ್ಣದ ಎರಡು ಹನಿ ಬೆರೆಸಿ, 50 ಮಿಲಿವ್ಯಾಟ್‌ನ ಹಸಿರು ಲೇಸರನ್ನು ಗಾಜಿನ ಒಳಗಿನಿಂದ ಹಾಯಿಸಿದೆ. ಮೊದಲ ದಿನ ಸಂಪೂರ್ಣ ಆಂತರಿಕ ಪ್ರತಿಫಲನ (ಬೆಳಕು ದ್ರವಕ್ಕೆ ದಾಟದೆ ಪೂರ್ತಿ ಗಾಜಿನೊಳಗೇ ಮರಳುವುದು) 76 ಡಿಗ್ರಿಯಲ್ಲಿ ಆರಂಭವಾಯಿತು; ಇದೇ ಕ್ರಾಂತಿಕ ಕೋನ. ಒಂದು ವಾರದಲ್ಲಿ ಅದು 74ಕ್ಕೆ ಇಳಿದಿದೆ. ಅದೂ ಮುಖದ ಮೇಲ್ಭಾಗದಲ್ಲಿ ಬೇಗ, ಕೆಳಭಾಗದಲ್ಲಿ ತಡವಾಗಿ. ಇದಲ್ಲದೆ ಕೋನವನ್ನು ಕ್ರಾಂತಿಕ ಕೋನಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇಟ್ಟು ಲೇಸರ್ ಹಚ್ಚಿದರೆ, ಗೋಡೆಯ ಮೇಲಿನ ಪ್ರತಿಫಲಿತ ಚುಕ್ಕೆ ಎರಡು ಮೂರು ಸೆಕೆಂಡುಗಳಲ್ಲಿ ಪ್ರಖರವಾಗಿ, ಒಂದು ಬದಿಗೆ ಎಳೆದಂತಾಗಿ ಅರ್ಧಚಂದ್ರದ ಆಕಾರ ಪಡೆಯುತ್ತದೆ. ನಾನು ನೋಡುತ್ತಿರುವುದು ಕೆರ್ ಪರಿಣಾಮವೇ, ಅಂದರೆ ಬೆಳಕಿನ ತೀವ್ರತೆಯೇ ನೇರವಾಗಿ ಸೂಚ್ಯಂಕವನ್ನು ಬದಲಿಸುವ ಪರಿಣಾಮವೇ?

ಉತ್ತರ (ಮಂಗಳೂರು)

ಸರ್, ತಮ್ಮ ತಟ್ಟೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಟ್ಟಿಗೆ ನಡೆಯುತ್ತಿವೆ, ಮತ್ತು ಎರಡೂ ಕೆರ್ ಪರಿಣಾಮವಲ್ಲ.

ವಾರದಲ್ಲಿ ಆದ ಬದಲಾವಣೆಗೆ ಕಾರಣ ನಮ್ಮ ಕರಾವಳಿಯ ಹವೆ. ಆಟಿಯ ಮಳೆಯಲ್ಲಿ ಡಬ್ಬದ ಬೆಲ್ಲ ನೀರೊಡೆಯುವಂತೆಯೇ ತೆರೆದಿಟ್ಟ ಗ್ಲಿಸರಿನ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಶುದ್ಧ ಗ್ಲಿಸರಿನ್ನಿನ ಸೂಚ್ಯಂಕ 1.473, ತೂಕದಲ್ಲಿ ಶೇಕಡಾ 10ರಷ್ಟು ನೀರು ಸೇರಿದರೆ ಅದು ಸುಮಾರು 1.458ಕ್ಕೆ ಇಳಿಯುತ್ತದೆ. ತಮ್ಮ ಗಾಜಿನೊಂದಿಗೆ ಲೆಕ್ಕ ಹಾಕಿದರೆ ಕ್ರಾಂತಿಕ ಕೋನ 76.2ರಿಂದ 74.0 ಡಿಗ್ರಿಗೆ ಬರಬೇಕು, ಅಂದರೆ ತಾವು ಅಳೆದದ್ದೇ ಬಂತು. ನೀರು ಬೆರೆತ ಪದರ ಹಗುರವಾದ್ದರಿಂದ ಮೇಲೆ ನಿಲ್ಲುತ್ತದೆ; ಮೇಲ್ಭಾಗದಲ್ಲಿ ಪ್ರತಿಫಲನ ಬೇಗ ಆರಂಭವಾಗುವುದು ಆ ಕಾರಣಕ್ಕೆ. ಚಮಚದಿಂದ ನಿಧಾನವಾಗಿ ಕಲಕಿ ನೋಡಿ, ಮೇಲೆ ಕೆಳಗೆ ಒಂದೇ ಕೋನ ಸಿಗಬೇಕು.

ಸೆಕೆಂಡುಗಳಲ್ಲಿ ಆಗುವ ಬದಲಾವಣೆ ಹೆಚ್ಚು ಸ್ವಾರಸ್ಯದ್ದು. ಕೆಂಪು ಬಣ್ಣ ಹಸಿರು ಬೆಳಕನ್ನು ಹೀರಿ ದ್ರವವನ್ನು ಬಿಸಿ ಮಾಡುತ್ತದೆ, ಬಿಸಿಯಾದಾಗ ಗ್ಲಿಸರಿನ್ನಿನ ಸೂಚ್ಯಂಕ ಪ್ರತಿ ಡಿಗ್ರಿಗೆ ಸುಮಾರು 0.0002ರಷ್ಟು ಇಳಿಯುತ್ತದೆ, ಸೂಚ್ಯಂಕ ಇಳಿದಾಗ ಕ್ರಾಂತಿಕ ಕೋನವೂ ಇಳಿದು ಅಂಚಿನಲ್ಲಿದ್ದ ದೂಲ ಪೂರ್ಣ ಪ್ರತಿಫಲನದೊಳಗೆ ಜಾರುತ್ತದೆ. ಆದ್ದರಿಂದಲೇ ಚುಕ್ಕೆ ಪ್ರಖರವಾಗುತ್ತದೆ. ಇಲ್ಲಿ ಬದಲಾವಣೆಯ ದಿಕ್ಕನ್ನು ಗಮನಿಸಬೇಕು ಎಂದು ಒತ್ತಿ ಹೇಳುತ್ತೇನೆ. ಹೆಚ್ಚಿನ ಪಾರದರ್ಶಕ ದ್ರವಗಳಲ್ಲಿ ಕೆರ್ ಪರಿಣಾಮವು ತೀವ್ರತೆಯೊಂದಿಗೆ ಸೂಚ್ಯಂಕವನ್ನು ಏರಿಸುತ್ತದೆ. ಹಾಗಾಗಿ ಅದೇ ಕಾರಣವಾಗಿದ್ದರೆ ಬೆಳಕು ಇನ್ನೂ ಹೆಚ್ಚಾಗಿ ದ್ರವದೊಳಗೆ ನುಗ್ಗಬೇಕಿತ್ತು, ಗೋಡೆಯ ಚುಕ್ಕೆ ಮಂಕಾಗಬೇಕಿತ್ತು.

ಪ್ರಮಾಣವನ್ನೂ ನೋಡೋಣ. ಒಂದು ಮಿಲಿಮೀಟರ್ ತ್ರಿಜ್ಯದ 50 ಮಿಲಿವ್ಯಾಟ್ ದೂಲದ ನಡುವಿನಲ್ಲಿ ತೀವ್ರತೆ ಪ್ರತಿ ಚದರ ಮೀಟರಿಗೆ ಸುಮಾರು 32,000 ವ್ಯಾಟ್. ಪ್ರಬಲ ಕೆರ್ ದ್ರವವೆಂದು ಹೆಸರಾದ ಕಾರ್ಬನ್ ಡೈಸಲ್ಫೈಡಿನಲ್ಲೂ ಇದರಿಂದ ಸೂಚ್ಯಂಕ ಬದಲಾಗುವುದು ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು ಮಾತ್ರ. ಅದನ್ನು ಯಾವ ಗೋಡೆಯ ಮೇಲೂ ಕಾಣಲಾಗದು. ವೇಗವೂ ಬೇರೆ: ಆ ದ್ರವದ ಅಣುಗಳು ಒಂದೆರಡು ಪಿಕೋಸೆಕೆಂಡಿನಲ್ಲಿ (ಸೆಕೆಂಡಿನ ಲಕ್ಷ ಕೋಟಿಯ ಒಂದೆರಡು ಪಾಲಿನಲ್ಲಿ) ಸ್ಪಂದಿಸುತ್ತವೆ, ಆದರೆ ಶಾಖವು ದ್ರವದಲ್ಲಿ ಒಂದು ಮಿಲಿಮೀಟರ್ ಹರಡಲು ಎರಡು ಮೂರು ಸೆಕೆಂಡು ಬೇಕು.

ನಿಜವಾದ ಕೆರ್ ಗಡಿಯ ಕಥೆ ಸೊಗಸಾದದ್ದು. ತೀವ್ರತೆಯನ್ನು ಏರಿಸುವಾಗ ಪ್ರತಿಫಲನ ಒಂದು ಹಂತದಲ್ಲಿ ಥಟ್ಟನೆ ಮುರಿಯುತ್ತದೆ, ಇಳಿಸುವಾಗ ಅದೇ ಹಂತದಲ್ಲಿ ಮರಳುವುದಿಲ್ಲ ಎಂದು ಭೌತವಿಜ್ಞಾನಿ ಕಪ್ಲಾನ್ 1976ರಲ್ಲಿ ಸೂಚಿಸಿದರು. 1979ರಲ್ಲಿ ಗಾಜು ಮತ್ತು ಕಾರ್ಬನ್ ಡೈಸಲ್ಫೈಡಿನ ಗಡಿಯಲ್ಲಿ ಲೇಸರ್ ಸ್ಪಂದಗಳಿಂದ ಇದರ ಪ್ರಯೋಗ ನಡೆಯಿತು. 1989ರಲ್ಲಿ ಅಸೆವೆಸ್, ಮೊಲೊನಿ ಮತ್ತು ನ್ಯೂವೆಲ್ ಅವರು, ತನ್ನನ್ನು ತಾನೇ ಹಿಡಿದಿಟ್ಟುಕೊಂಡು ಸಾಗುವ ಇಂಥ ದೂಲವನ್ನು ಗುಡ್ಡದ ಕಡೆಗೆ ಉರುಳುವ ಗೋಲಿಯಂತೆ ಭಾವಿಸಿ ಲೆಕ್ಕ ಹಾಕಬಹುದೆಂದು ತೋರಿಸಿದರು: ಸಾಕಷ್ಟು ಶಕ್ತಿಯಿದ್ದರೆ ಅದು ದಾಟುತ್ತದೆ, ಇಲ್ಲದಿದ್ದರೆ ಹಿಂದಿರುಗುತ್ತದೆ, ಕೆಲವೊಮ್ಮೆ ಗಡಿಗೇ ಅಂಟಿಕೊಂಡು ಸಾಗುತ್ತದೆ. ಆದರೆ ಕಾರ್ಬನ್ ಡೈಸಲ್ಫೈಡ್ ವಿಷಕಾರಿ, ಬಹು ಬೇಗ ಬೆಂಕಿ ಹಿಡಿಯುವಂಥದ್ದು. ದಯವಿಟ್ಟು ಅದನ್ನು ತರಗತಿಗೆ ತರಬೇಡಿ. 50 ಮಿಲಿವ್ಯಾಟ್ ಕೂಡ ಕಣ್ಣಿಗೆ ಅಪಾಯಕಾರಿ. ಸರಿಯಾದ ಕನ್ನಡಕವಿಲ್ಲದೆ ಯಾರೂ ಹತ್ತಿರ ನಿಲ್ಲಬಾರದು.

ಮೊಹರು ಒಡೆಯದ ಹೊಸ ಬಾಟಲಿಯ ಗ್ಲಿಸರಿನ್ ತೆಗೆದುಕೊಂಡು, ತಟ್ಟೆಗೆ ಮುಚ್ಚಳವಿಟ್ಟು, ಒಮ್ಮೆ ಬಣ್ಣವಿಲ್ಲದೆ, ಒಮ್ಮೆ ಬಣ್ಣದೊಂದಿಗೆ ಮಾಡಿ ನೋಡಿ.

ಪ್ರಶ್ನೆ ಕೇಳಿದವರಿಂದ, ಎಂಟು ದಿನಗಳ ಬಳಿಕ

ಹಾಗೆಯೇ ಮಾಡಿದೆ, ಸರ್. ಮುಚ್ಚಳವಿಟ್ಟ ತಟ್ಟೆಯಲ್ಲಿ ಕೋನ 76ರಲ್ಲೇ ನಿಂತಿದೆ. ಬಣ್ಣವಿಲ್ಲದ ಗ್ಲಿಸರಿನ್ನಿನಲ್ಲಿ ಚುಕ್ಕೆ ಅಲುಗಾಡಲಿಲ್ಲ. ಬಣ್ಣ ಹಾಕಿದ ಮೇಲೆ ಮೂರು ಎಣಿಸುವಷ್ಟರಲ್ಲಿ ಹೊಳಪೇರಿತು. ಲೇಸರಿಗೆ ರಟ್ಟು ಅಡ್ಡ ಹಿಡಿದು ಒಂದು ನಿಮಿಷದ ನಂತರ ತೆಗೆದಾಗ ಮತ್ತೆ ಮಂಕಾಗಿಯೇ ಆರಂಭವಾಯಿತು. ಪ್ರಯೋಗದ ಫಲಕದಲ್ಲಿ ‘ಕೆರ್’ ಎಂಬುದನ್ನು ಅಳಿಸಿ ‘ಶಾಖದಿಂದಾಗುವ ಅರೇಖೀಯ ಪ್ರತಿಫಲನ’ ಎಂದು ಬರೆದಿದ್ದೇನೆ.